ಸುಳ್ಳು ನೀರು

ತಿಥಿ ಮುಗಿದು ಎಲೆ ಎತ್ತಿದ ಮೇಲೆ
ಚೌಡಮ್ಮತ್ತೆ ಟ್ರಂಕು ಬಿಚ್ಚಿದಳು.
ದೊಡ್ಡವನಿಗೆ ಪದಕ, ಸಣ್ಣವನಿಗೆ ಗಡಿಯಾರ,
ಸೊಸೆಗೆ ಯಾವುದೋ ಬಂದರಿನ ಗಾಜಿನ ಮೀನು.
ನನ್ನ ಅಂಗೈಗೆ
ಹಾರ್ಲಿಕ್ಸ್ ಬಾಟಲಿಯಿಂದ ಅಕ್ಕಿ ಸಮೇತ ಸುರಿದದ್ದು
ಈ ಹಿತ್ತಾಳೆ ಪೀಪಿ.

'ಇದು ನಿನಗಂತೆ.
ಸುಳ್ಳು ನೀರು ಕರೆದವಳು ನೀನೇ ಅಂತೆ.
ಏನೇ ಹಂಗಂದ್ರೆ?'
ಗೊತ್ತಿಲ್ಲತ್ತೆ, ಅಂದೆ.

ಗೋಲಿಯಷ್ಟು ಗುಂಡು, ಬೆರಳುದ್ದ ಕೊಳವೆ,
ಅಡಿಗೆ ಚಪ್ಪಟೆ ತಗಡು.
ಗುಂಡಿಗೆ ಬಾಯ್ ಅಂತ ಹೆಸರು, ಬಾಯಲ್ಲ.
ತಗಡಿಗೆ ಕೀಲ್, ಅದು ಹಡಗಿನ ಬೆನ್ನುಮೂಳೆ.
'ನಮ್ಮ ಕೀಲು ಹೋದ್ರೆ ಕುಂಟಬಹುದು ಕಣವ್ವ,
ಅದರ ಕೀಲು ಹೋದ್ರೆ ಮುಳುಗೋದೇ.'
ಹೇಳುವಾಗ ಪಾಲಯ್ಯ ಮಾವ
ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.

ಸಮುದ್ರದ ಗಾಳಿಯಲ್ಲಿ ಮನುಷ್ಯನ ಗಂಟಲು ದಂಡವಂತೆ.
ಪೀಪಿ ಒಂದೇ ಸಮ ಎಳೆದರೆ
ಎಲ್ಲರೂ ನಿಂತಲ್ಲೇ ನಿಲ್ಲಬೇಕು,
ಇಳಿಸಿದರೆ ದೀಪ ಆರಿಸಿ ಮಲಗಬೇಕು.
ಬುರುಜನಹಟ್ಟಿಗೆ ಬಂದ ಮೇಲೆ
ಅದಕ್ಕೆ ಉಳಿದದ್ದು ಒಂದೇ ಮಾತು:
ನೀರು ಬಂತು.

ಎಂಟು ದಿನಕ್ಕೊಮ್ಮೆ, ನಡುರಾತ್ರಿ,
ಶಾಂತಿಸಾಗರದಿಂದ ಕೆಮ್ಮುತ್ತಾ ಬರುವುದು.
ಮೊದಲು ಗಾಳಿ, ಆಮೇಲೆ ಕೆಂಪು,
ಆಮೇಲೆ ನೀರು.
ಹಗಲು ಬ್ಯಾಂಕಿನ ಬಾಗಿಲು ಕಾಯ್ದವನು
ರಾತ್ರಿ ನಲ್ಲಿ ಕಾಯುತ್ತಿದ್ದ, ಒರಳುಕಲ್ಲಿನ ಮೇಲೆ ಕೂತು.
'ಸಾಗರ ಅಂತ ಹೆಸರಿಟ್ಟವರು
ಉಪ್ಪು ಹಾಕೋದು ಮರೆತಿದಾರೆ' ಅನ್ನುತ್ತಿದ್ದ.
ಗುಂಡಿಯೊಳಗೆ ಮೊದಲ ಹನಿ ಬಿದ್ದಿದ್ದೇ
ಪೀಪಿ ಬಾಯಿಗೆ ಹೋಗುತ್ತಿತ್ತು,
ಮೂರು ಕೇರಿ ಏಳುತ್ತಿತ್ತು.
ಪೀಪಿ ಪಾಲಯ್ಯ ಅಂತಲೇ ಕರೆದರು ಅವನನ್ನು,
ಬ್ಯಾಂಕಿನ ಮ್ಯಾನೇಜರೂ.

ನನಗೆ ಒಂಬತ್ತು.
ಯಾಕೆ ಊದಿದೆನೋ ಈಗಲೂ ತಿಳಿಯದು.
ಗೂಟದಲ್ಲಿ ನೇತಾಡುತ್ತಿತ್ತು, ಎಲ್ಲರೂ ಮಲಗಿದ್ದರು,
ಸಿಟ್ಟಿತ್ತು, ಯಾರ ಮೇಲೆ ಎಂಬುದು ಮರೆತಿದೆ.
ತುಂಬಿದ ಬಸುರಿ ನಾಗವೇಣಿ ಎರಡು ಬಿಂದಿಗೆ ಹಿಡಿದು ಬಂದಳು.
ಹೊಟ್ಟೆಯ ಹೊಲಿಗೆ ಮಾಯದ ಜಲೀಲ್ ಸಾಬರು ಬಂದರು.
ಕೊಡಕ್ಕೆ ಕೊಡ ತಾಗಿ ಸಾಲು ಬೆಳೆಯಿತು.
ನಲ್ಲಿ ಬಾಯಿ ತೆರೆದುಕೊಂಡು
ಸುಮ್ಮನಿತ್ತು.

ಮಾವ ಲುಂಗಿ ಬಿಗಿಯುತ್ತ ಎದ್ದು ಬಂದ.
ಬಾಗಿಲ ಸಂದಿಯಲ್ಲಿ ನನ್ನ ಮುಷ್ಟಿ ನೋಡಿದ.
'ನಾನೇ ಊದಿದ್ದು. ನಿದ್ದೆಗಣ್ಣು.
ಕನಸಲ್ಲಿ ನೀರು ಬಂದಿತ್ತು.'

ಬೈದರು, ಬೈಯದೆ ಇರುತ್ತಾರೆಯೇ.
ಹಡಗು ಬಿಟ್ಟರೂ ಹುಚ್ಚು ಬಿಡಲಿಲ್ಲ ಅಂದರು.
ತಲೆ ತಗ್ಗಿಸಿ ನಿಂತಿದ್ದ, ಕೈ ಎರಡೂ ತೊಡೆಗೆ ಅಂಟಿಸಿ,
ಕೊನೆಯ ಕೊಡ ಒಳಗೆ ಹೋಗುವವರೆಗೆ.

ಬೆಳಿಗ್ಗೆ ನೆನೆಸಿದ ಹುಣಸೆಹಣ್ಣು ಮುಂದಿಟ್ಟು
'ಉಜ್ಜು' ಅಂದ. ಅಷ್ಟೇ.
ಹೊರಗೆಲ್ಲ ಹೊಳೆಯಿತು.
ಕೊಳವೆಯೊಳಗಿನ ಹಸಿರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
'ಅದನ್ನ ಬಿಡವ್ವ,
ಅದು ವಿಶಾಖಪಟ್ಟಣದ್ದು.'

ಈಗ ನೀರು ಬಿಡುವವನು ಮೊಬೈಲಿಗೆ ಮೆಸೇಜು ಹಾಕುತ್ತಾನೆ.
ಮನೆಮನೆಗೂ ಕಪ್ಪು ಟ್ಯಾಂಕು.
ಒರಳುಕಲ್ಲು ಎಲ್ಲಿ ಹೋಯಿತೋ.

ರಾತ್ರಿ ಮಾಳಿಗೆ ಹತ್ತಿದೆ.
ಜೋಗಿಮಟ್ಟಿಯ ಸಾಲಿಗೆ ಗಾಳಿಯಂತ್ರಗಳ ಕೆಂಪು ದೀಪ
ಹತ್ತುತ್ತಿತ್ತು, ಆರುತ್ತಿತ್ತು.
ಮಾವ ಇಲ್ಲಿಂದಲೇ ಎಣಿಸುತ್ತಿದ್ದ:
'ಹನ್ನೊಂದು ನಿಂತಿವೆ ಇವತ್ತು, ಲಂಗರು ಹಾಕಿ.'
ಒಂದು ಕಮ್ಮಿ ಕಂಡರೆ ನಾನು
ಕೆಟ್ಟಿರಬೇಕು ಅನ್ನುತ್ತಿದ್ದೆ.
ಅವನು, 'ಹೊರಟಿತು'.

ಊದಿದೆ. ಬರೀ ಉಸಿರು.
ಕೊಳವೆಗೆ ಅಕ್ಕಿಕಾಳು ಕಚ್ಚಿಕೊಂಡಿತ್ತು,
ಸೆರಗಿನ ಪಿನ್ನಿನಿಂದ ಕೆದಕಿ ತೆಗೆದೆ.
ತುಟಿಗೆ ಹಿತ್ತಾಳೆಯ ಒಗರು, ಇಷ್ಟೇ ಇಷ್ಟು ಹುಳಿ.
ಗುಂಡಿನ ಮೇಲೆ ಬೆರಳು ಮಡಚಿ, ಬಿಡಿಸಿ,
ಅವನು ಮಾಡುತ್ತಿದ್ದಂತೆ.

ಮೂರನೆಯ ಸಲಕ್ಕೆ ಬಂತು ಸದ್ದು,
ಸೊಟ್ಟಗೆ, ಅಂಚು ಸೀಳಿ,
ಬಂಡೆಗೆ ಬಡಿದು ನನ್ನ ಹತ್ತಿರವೇ ವಾಪಸ್ಸು ಬಂತು.

ನಿಂತಲ್ಲೇ ನಿಂತೆ.

ಕೆಳಗೆ ಕತ್ತಲಲ್ಲಿ, ಯಾರ ಮನೆಯೋ,
ಖಾಲಿ ಕೊಡವೊಂದು
ನೆಲ ಬಿಟ್ಟು ಎದ್ದ ಸದ್ದು.