ಬೆನ್ನ ಕೆಳಗಿನ ಥಂಡಿ

ನಾ ಶಾಲಿ ಚೀಲ ಹೊಲಿಯಾಕಿ, ವಡಗಾವಿಯಾಗ.
ಜೂನ ದಾಟಿದ್ರ ನನ್ನ ಮಷೀನಿಗೆ ನಿದ್ದಿ.
ಈ ಸಲ ಥಂಡಿಯಾಗ ಗುಡ್ಡ ಹತ್ತೋ ಹುಡುಗರು ಬಂದು
ಹನ್ನೆರಡು ತೂಗುಜೋಳಿಗಿ ಬೇಕಂದ್ರು,
ಫೋನಿನಾಗ ಚಿತ್ರ ತೋರಿಸಿದ್ರು:
ಎರಡು ಗಿಡ, ನಡುವ ಒಂದು ಹಸಿರು ಬಾಳಿಕಾಯಿ,
ಅದರೊಳಗೊಬ್ಬ ಮನಶ್ಯಾ ನಗಾಕತ್ತಾನ.

ಪರೀಕ್ಷಿ ಮಾಡದ ಮಾಲು ಕೊಟ್ಟಾಕಿ ಅಲ್ಲ ನಾ.
ಚೀಲಕ್ಕ ಪುಸ್ತಕ ತುಂಬಿ, ಮ್ಯಾಲ ಎರಡು ಇಟ್ಟಂಗಿ ಇಟ್ಟು
ಓಣಿ ತುದಿ ಮಟ ಹೊತ್ತು ನೋಡ್ತೀನಿ.
ಇದನ್ನ ಓಣಿಯಾಗ ಹ್ಯಾಂಗ ನೋಡ್ಲಿ?

ಜಾಂಬೋಟಿಗೆ ಬಸ್ಸಿಳಿದು ಎರಡು ತಾಸು ನಡದ್ವಿ,
ನಾನು, ಝಿಪ್ ಹಚ್ಚೋ ಶೈನಾಜ,
ಕೋಳಿಮರಿ ಸಾಕೋರ ಹತ್ರ ಕಡಾ ತಂದ ಥರ್ಮಾಮೀಟರ.
ಪುಂಡಲೀಕ ಗಾವಡೆ ಗೋಡಂಬಿ ತೋಟದಾಚಿ ಗಿಡ ತೋರಿಸಿದ.
"ಮನಿ ಐತಿ, ಚಾಪಿ ಐತಿ,
ಬಾವಲಿಗತೆ ಯಾಕ ಜೋತಬೀಳ್ತೀರಿ ಅಕ್ಕಾರ?"
"ಬಾವಲಿ ತಲಿಕೆಳಗ, ಅಣ್ಣಾರ" ಅಂದ್ಲು ಶೈನಾಜ,
"ನಾವು ಅಂಗಾತ."

ಮತ್ತಿ ಗಿಡಕ್ಕ ತಲಿ, ನೇರಲ ಗಿಡಕ್ಕ ಕಾಲು.
ತೊಗಟಿ ಕೊರಿಬಾರದಂತ ಮೂರು ಬೆರಳಗಲದ ಪಟ್ಟಿ.
ಮ್ಯಾಲ ತಾಡಪತ್ರಿ.
ಪಟ್ಟಿಗೊಂದು ನೂಲಿನೆಳಿ ಜೋತುಬಿಟ್ಟೆ,
ಇಬ್ಬನಿ ಅದನ್ನ ಹಿಡಕೊಂಡು ಕೆಳಗಿಳೀಲಿ,
ನನ್ನ ಹಾಸಿಗಿಗೆ ಬರೋದು ಬ್ಯಾಡ.
ರೊಟ್ಟಿ, ಶೇಂಗಾ ಹಿಂಡಿ, ಹೊಗಿ ವಾಸನಿ ಚಹಾ.
ಒಂಬತ್ತಕ್ಕ ಹದಿನಾಲ್ಕು ಡಿಗ್ರಿ.

ಹೊಲಿಗಿ ಕಿರ್ ಅಂದಾಗೊಮ್ಮೆ ಉಸಿರು ಹಿಡದೆ.
ಮೂರು ಸಾಲು ಹೊಲದೀನಿ, ಮ್ಯಾಲೊಂದು ಅಡ್ಡಸಾಲು,
ದಾರದ ನಂಬರ ಸಹಿತ ಬಾಯಿಪಾಠ,
ಆದ್ರೂ ಮೈ ಪೂರ್ತಿ ಬಿಡವಲ್ದು.
ಊರ ಮಕ್ಕಳ ಹೆಗಲಿಗೆ ಇಪ್ಪತ್ತು ವರ್ಷ ಕೊಟ್ಟ ಭರವಸಿ
ನನ್ನ ಬೆನ್ನಿಗೆ ಕೊಡಾಕ ಅರ್ಧ ತಾಸು ಹಿಡೀತು.

ಹನ್ನೆರಡಕ್ಕ ಹನ್ನೊಂದು.
ಮೂರಕ್ಕ ಎಂಟು.
ಮೂಗಿಂದ ಮೊಣಕಾಲ ಮಟ ಬೆಚ್ಚಗ, ಕೆಳಗ ಮಾತ್ರ
ಬಾವಿ ನೀರಾಗ ಅದ್ದಿದ ಹಿತ್ತಾಳಿ ಪರಾತ
ಯಾರೋ ಬೆನ್ನಿಗೆ ಒತ್ತಿ ಹಿಡದಂಗ.
ಮಲಗೋ ಚೀಲದ ಹತ್ತಿ ನನ್ನ ಭಾರಕ್ಕ ಅಪ್ಪಚ್ಚಿ.
ಅದರ ಕೆಳಗ ಏನಿಲ್ಲ. ಗಾಳಿ ಹಾಯ್ತತಿ, ಅಷ್ಟ.
ನೆಲಾನೂ ಒಂದು ಹಾಸಿಗಿ ಅಂತ
ಅದನ್ನ ಬಿಟ್ಟು ಒಂದೂವರಿ ಮೊಳ ಮ್ಯಾಲೆದ್ದಾಗ ತಿಳೀತು.

ಸಣ್ಣವ್ವ ಹೊಲದ ಕೌದಿ ತಂದಿದ್ದೆ,
ಎರಡೂವರಿ ಕಿಲೋ, ಹಾದಿ ತುಂಬ ಶೈನಾಜ ಬೈದಿದ್ಲು.
ಹೊದ್ದೆ. ಭಾರಾತು, ಬೆಚ್ಚಗಾಗ್ಲಿಲ್ಲ.
ಇಳಿದೆ. ಬರಿಗಾಲಿಗೆ ಇಬ್ಬನಿ ಹುಲ್ಲು.
ಬಾಯಾಗ ಬ್ಯಾಟರಿ ಕಚ್ಚಿ,
ಕೌದಿ ಮೂಲಿಗೊಂದೊಂದು ಲಾಡಿ ಗಂಟು ಹಾಕಿ
ಜೋಳಿಗಿ ಕೆಳಗ ಇನ್ನೊಂದು ಜೋಳಿಗಿ ಕಟ್ಟಿದೆ.
ಬಿಗದ್ರ ಮತ್ತ ಥಂಡಿ.
ಸಡಿಲ ಬಿಟ್ರ ಗಾಳಿ ಒಳಗ ಹೊಕ್ಕು ಸಂಸಾರ ಹೂಡತಿ.
ಇಳಿ, ಬಿಚ್ಚು, ಹತ್ತು, ಮತ್ತ ಇಳಿ.
ನಾಕನೇ ಸಲ, ಎರಡು ಬೆರಳ ಸಂದು ಉಳಿಸಿ ಕಟ್ಟಿದಾಗ
ನನ್ನ ಬಿಸಿ ಅಲ್ಲೇ ನಿಂತು
ನನಗ ತಿರುಗಿ ಬಂತು.

ಯಾರ್ಯಾರ ಪರಕಾರ, ಯಾರ ಅಂಗಿ ತೋಳೋ ಆ ಕೌದ್ಯಾಗ,
ಸಣ್ಣವ್ವ ಹೇಳಿದ್ಲು, ನಾ ಕೇಳಿಲ್ಲ.
ನಿದ್ದಿ ಬಂತು.

ಬೆಳಗಾದ್ರ ಶೈನಾಜ ನೆಲದ ಮ್ಯಾಲ ಕುಂತಾಳ,
ಅಂದ್ರ ಜೋಳಿಗ್ಯಾಗ ಮಲಗ್ಯಾಳ, ಕುಂಡಿ ನೆಲಕ್ಕ.
ಅಕಿ ಪಟ್ಟಿ ನೈಲಾನಿಂದು, ರಾತ್ರಿಯೆಲ್ಲಾ ಹಿಗ್ಗೇತಿ,
ಗೊರಕಿ ಒಂದ ಸಲಾನೂ ನಿಂತಿಲ್ಲ.
"ನಾ ಯಾವಾಗ ಇಳದ್ನಿ?"
"ಸಂಜಿ ಒಂಬತ್ತರಿಂದ ಇಳೀಲಿಕ್ಕತ್ತಿದ್ದಿ" ಅಂದೆ.

ಬಸ್ಸಿನಾಗ ಬಿಲ್ಲು ತಿದ್ದಿದೆ.
ನೈಲಾನ ಪಟ್ಟಿ ಹೊಡದು ಹಾಕಿ, ಪಾಲಿಯೆಸ್ಟರ.
ಕೆಳಗೌದಿ, ಹಗೂರಿನ್ದು, ಹನ್ನೆರಡು: ತಲಾ ನಾಕನೂರಾ ಐವತ್ತು.
ಹುಡುಗರು ಕೇಳ್ತಾರ,
ಇದ್ಯಾಕಕ್ಕಾ, ಚಿತ್ರದಾಗ ಇರ್ಲಿಲ್ಲಲ್ಲ?
ಚಿತ್ರ ಹಗಲಿನಾಗ ತಗದದ್ದು, ತಮ್ಮಾ.