ಹಿಂದಿನ ಬಲಚಕ್ರ

ಸೂರ್ ಊರಿನಲ್ಲಿ ಆಗಸ್ಟಿನ ಗಾಳಿಗೂ ಬೆವರು.
ಹಡಗು ಕಟ್ಟುವ ಅಂಗಳದ ಹಿಂದೆ, ಮೂರನೇ ಓಣಿ,
ತಗಡಿನ ಚಪ್ಪರದಡಿ ಬಿಳಿ ಕಾರು.
ಗಾಜಿನ ದೂಳಲ್ಲಿ ಯಾವುದೋ ಮಗು ಬರೆದ ಮೀನು.
ನಾನೂ ಶಮ್ಸುಲ್ಲನೂ ಎಳೆಯುವ ಲಾರಿ ತಂದಿದ್ದೆವು.
ಎಳೆಯಲಿಕ್ಕೆ ಎಂತದ್ದು? ಹಿಂದಿನ ಎರಡೂ ಚಕ್ರ
ಹಲ್ಲು ಕಚ್ಚಿ ಕೂತಿವೆ.

ಡೀಸೆಲ್ ಕಾಲದಲ್ಲಿ ಹ್ಯಾಂಡ್‌ಬ್ರೇಕ್ ಅಂದರೆ
ಒಂದು ಹಿಡಿ, ಒಂದು ಕೇಬಲ್ಲು,
ಸಿಕ್ಕಿಕೊಂಡರೆ ಒಂದು ಬೈಗಳ, ಒಂದು ಒದೆ.
ಈಗ ಉಗುರಿನಷ್ಟು ಗುಂಡಿ.
ಬೈಯುವುದು ಯಾರಿಗೆ?

ಬಾಗಿಲಲ್ಲಿ ನಿಂತು ಥುರಯಾ ಅಮ್ಮ ಹೇಳಿದರು,
ಅರಬಿ ಅರ್ಧ, ಹಿಂದಿ ಅರ್ಧ:
ನಾಲ್ಕು ತಿಂಗಳು ಹತ್ತು ದಿನ, ಯಾರೂ ಮುಟ್ಟಿಲ್ಲ.
ನಾನು ಬ್ಯಾಟರಿಯ ಲೆಕ್ಕ ಹಾಕುತ್ತಿದ್ದೆ.
ಶಮ್ಸುಲ್ ಮೊಣಕೈಯಲ್ಲಿ ತಿವಿದ: "ಉಸ್ತಾದ್, ಇದ್ದತ್."
ಆಮೇಲೆ ಅವರ ಮುಖ ನೋಡಲಿಲ್ಲ, ಕಾರು ನೋಡಿದೆ.

ದೊಡ್ಡ ಬ್ಯಾಟರಿಯಲ್ಲಿ ಮಸ್ಕತ್ತು ಮುಟ್ಟುವಷ್ಟು ಶಕ್ತಿ
ಇದ್ದಲ್ಲೇ ಇದೆ.
ಸತ್ತದ್ದು ಸಣ್ಣದು, ಹನ್ನೆರಡು ವೋಲ್ಟಿನದು,
ದೀಪ ಹಚ್ಚುವ, ಬಾಗಿಲು ತೆರೆಯುವ, ಬ್ರೇಕಿಗೆ ಬಿಡು ಎನ್ನುವ
ಮನೆಗೆಲಸದ್ದು.
ಕಣಜ ತುಂಬಿದೆ, ಬೀಗದ ಕೈ ಇಲ್ಲ.

ಬಾನೆಟ್ ತೆರೆಯಲಿಕ್ಕೂ ಕರೆಂಟು ಬೇಕಂತೆ!
ಬಂಪರಿನ ಮುಚ್ಚಳ ಕಿತ್ತು, ಎರಡು ತಂತಿ ಎಳೆದು,
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
"ಕಿತ್ತಳೆ ವಯರ್ ಮುಟ್ಬೇಡ, ಮಾರಾಯಾ!"
ಸಿಲ್ಹೆಟ್ಟಿನವನಿಗೆ ಅರ್ಥವಾಯಿತು.

ಪರದೆ ಕಣ್ಣುಬಿಟ್ಟಿತು.
ಒಡನೆ ಚಾಲಕನ ಸೀಟು, ಯಾರೂ ಹೇಳದೆ,
ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು
ಉದ್ದ ಕಾಲಿನ ಯಾರಿಗೋ ಜಾಗ ಮಾಡಿಕೊಟ್ಟಿತು.
ಕನ್ನಡಿಯೂ ತಲೆಯೆತ್ತಿತು.
ಥುರಯಾ ಅಮ್ಮ ಮಾತಾಡಲಿಲ್ಲ.
ಶಮ್ಸುಲ್ ಒರೆಸಿದ ಪಾನಾವನ್ನೇ ಮತ್ತೆ ಒರೆಸಿದ.

ಸ್ಕ್ಯಾನರಿನ ಮಾತಿಗೆ ಎಡಚಕ್ರ ಒಪ್ಪಿತು.
ಬಲದ್ದು ಗುಂಯ್ ಎಂದು ಗೊಣಗಿ ಸುಮ್ಮನಾಯಿತು.
ಕಡಲ ಉಪ್ಪು. ಪ್ಯಾಡು ತಟ್ಟೆಗೆ ಅಂಟಿದೆ.
ಗಂಗೊಳ್ಳಿಯಲ್ಲಿ ಲಂಗರು ಬಂಡೆಸಂದಿಗೆ ಸಿಕ್ಕಿದರೆ
ಅಪ್ಪಯ್ಯ ಎಳೆಯುತ್ತಿರಲಿಲ್ಲ; ಹಗ್ಗ ಸಡಿಲಿಸಿ
ದೋಣಿಯನ್ನು ಆಚೆ ಮಗ್ಗುಲಿಗೆ ತರುತ್ತಿದ್ದ.
ಇದಕ್ಕೆ ಅದರ ಉಲ್ಟಾ: ಬಿಡಿಸುವ ಮೊದಲು
ಇನ್ನೊಮ್ಮೆ ಬಿಗಿಯಬೇಕು.

ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು,
ಜಾಕ್ ಏರಿಸಿ, ಸ್ಟ್ಯಾಂಡ್ ನಿಲ್ಲಿಸಿ,
ನಾನು ಅಡಿಯಲ್ಲಿ, ರಬ್ಬರ್ ಸುತ್ತಿಗೆ ಹಿಡಿದು.
ಮೇಲೊಬ್ಬರು ಕಾಲಬ್ರೇಕ್ ತುಳಿದು ಗುಂಡಿ ಒತ್ತಬೇಕು,
ತುಳಿಯದೆ ಅದು ಬಿಡುವುದಿಲ್ಲ.
ಶಮ್ಸುಲ್ ಹತ್ತಲು ಹೋದ.
"ನಾನು" ಎಂದರು ಆಕೆ.

ನನಗೆ ಕಂಡದ್ದು ಎರಡು ಚಪ್ಪಲಿ ಒಳಹೋದದ್ದು ಮಾತ್ರ.
ಕಾಲು ಎಟುಕುವುದಿಲ್ಲ ಎಂದ ಶಮ್ಸುಲ್.
ಸೀಟು ಮುಂದೆ ತರಲೇ? ಬದಿಯಲ್ಲೇ ಗುಂಡಿ ಇದೆ.
ಲಾ, ಎಂದರು. ಬೇಡ.
ಸೀಟಿನ ತುದಿಗೆ ಜಾರಿ, ಸ್ಟಿಯರಿಂಗಿಗೆ ಎದೆಯಾನಿಸಿ
ಹೆಬ್ಬೆರಳ ತುದಿಯಲ್ಲಿ ತುಳಿದರಂತೆ,
ಆಮೇಲೆ ಅವನು ಹೇಳಿದ್ದು.

ಬಿಗಿಯಿರಿ, ಎಂದೆ. ಮೋಟಾರು ಕಿರುಗುಟ್ಟಿತು.
ತಡೆಯಿರಿ. ಎರಡು ಪೆಟ್ಟು; ತುಕ್ಕು ಕಣ್ಣಿಗೆ ಬಿತ್ತು.
ಬಿಡಿ.
ಸ್ವಲ್ಪ ಹೊತ್ತು ಏನೂ ಇಲ್ಲ.
ಬಿಡಿ ಅಮ್ಮಾ, ಎಂದೆ ಮತ್ತೆ, ಗೊತ್ತಿಲ್ಲದೆ ಕನ್ನಡದಲ್ಲಿ.

ಟಕ್.

ತಟ್ಟೆಯ ಮೇಲೆ ಪ್ಯಾಡಿನ ಆಕಾರದ ಕಂದು ಗುರುತು.
ನಾಲ್ಕು ಸಲ ಬ್ರೇಕ್ ಹಾಕಿದರೆ ಸವೆಯುತ್ತದೆ ಎಂದೆ.
ಟೈರು ನಿಂತಲ್ಲೇ ಚಪ್ಪಟೆಯಾಗಿದೆ;
ಒಂದಷ್ಟು ದೂರ ದಡ್ ದಡ್ ಅನ್ನುತ್ತದೆ, ಹೆದರಬೇಡಿ.
ಸಣ್ಣ ಬ್ಯಾಟರಿ ಈ ವಾರವೇ ಬದಲಿಸಿ.
ಹದಿನೆಂಟು ರಿಯಾಲು. ಇಪ್ಪತ್ತು ಕೊಟ್ಟರು, ಚಿಲ್ಲರೆ ಕೇಳಲಿಲ್ಲ.

ಎಳೆಯುವ ಲಾರಿ ಖಾಲಿಯೇ ಹೊರಟಿತು.
ಕನ್ನಡಿಯಲ್ಲಿ ಬಿಳಿ ಕಾರು, ಓಣಿಯ ಬಾಯಲ್ಲಿ,
ಒಮ್ಮೆ ಎಡದ ದೀಪ, ಒಮ್ಮೆ ಬಲದ್ದು.
ಸೀಟಿನ ತುದಿಯಲ್ಲಿ ಆಕೆ, ಬೆನ್ನಿನ ಹಿಂದೆ
ಒಬ್ಬರು ಕೂರುವಷ್ಟು ಜಾಗ.