ಐದನೇ ಲಿಫ್ಟರ್

ಮಂಚಯ್ಯನ ಎಡಗಿವಿ ನಾಲೆಗೆ ಹೋಯಿತು,
ಹುಡುಗನಾಗಿದ್ದಾಗ ಈಜಿ ಈಜಿ, ಸೋರಿ, ತಮಟೆ ತೂತಾಗಿ.
ಬಲಗಿವಿ ಅರ್ಧ.
ಉಳಿದದ್ದು ಹಲ್ಲು.
ಗುತ್ತಲು ರಸ್ತೆಯ ಶೆಡ್ಡಿನಲ್ಲಿ
ಬೇವಿನ ಕಡ್ಡಿಯಷ್ಟು ಸಲೀಸಾಗಿ
ಉದ್ದನೆ ಸ್ಕ್ರೂಡ್ರೈವರಿನ ಹಿಡಿ ಕಚ್ಚಿಕೊಂಡು
ತುದಿಯನ್ನು ಎಂಜಿನ್ನಿನ ನೆತ್ತಿಗೆ ಊರಿ
ಕಣ್ಣು ಮುಚ್ಚುತ್ತಾನೆ.

ನನ್ನದು ತೊಂಬತ್ತಾರರ ಸಿಯೆಲೋ.
ಮಾಡಿದ ಕಂಪನಿ ಗಂಟುಮೂಟೆ ಕಟ್ಟಿ ಎಷ್ಟೋ ಕಾಲವಾಯಿತು.
ಮೂವತ್ತು ವರ್ಷ ಟೈಪಿಂಗ್ ಕಲಿಸಿದವಳು ನಾನು,
ಹದಿನಾಲ್ಕು ಮಿಷನ್ನು ಒಟ್ಟಿಗೆ ಬಡಿಯುವಾಗ
ಕಿಟಕಿ ಪಕ್ಕದವಳು ಕಿರುಬೆರಳು ಸೋಮಾರಿ ಮಾಡುತ್ತಿದ್ದಾಳೆಂದು
ಬಾಗಿಲಲ್ಲೇ ನಿಂತು ಹೇಳುತ್ತಿದ್ದೆ.
ಈ ಸದ್ದು ಮಾತ್ರ ಓದಲಾಗಲಿಲ್ಲ:
ಒಂದೇ ಅಕ್ಷರ, ಟಕ ಟಕ ಟಕ,
ಸಾಲು ಮುಗಿದರೂ ಗಂಟೆ ಹೊಡೆಯದ ಹಾಗೆ.

'ಬೆಳಿಗ್ಗೆ ಎಲ್ಲಾವೂ ಬಡೀತವೆ ಮೇಡಮ್ಮೋರೆ.
ರಾತ್ರಿಯೆಲ್ಲ ಎಣ್ಣೆ ಕೆಳಕ್ಕಿಳುದಿರ್ತದೆ.
ಮೂರು ಎಣುಸಿ. ನಿಂತ್ರೆ ರೋಗ ಅಲ್ಲ.'
ಮದ್ದೂರಿಗೆ ಹೋಗಿ ಬಂದಿದ್ದೇನೆ, ಮಂಚಯ್ಯ.
ಬಾನೆಟ್ಟು ಮುಟ್ಟಿ ನೋಡು. ಸುಡುತ್ತಿದೆ. ಬಡಿಯುತ್ತಿದೆ.

ಸುಹೇಲ ಒಂದೊಂದೇ ಪ್ಲಗ್ಗಿನ ವೈರು ಕಿತ್ತ.
ಎಂಜಿನ್ನು ಕುಂಟಿತು, ಸದ್ದು ಕುಂಟಲಿಲ್ಲ.
'ಬೇರಿಂಗ್ ಅಲ್ಲ ಬುಡಿ. ಆಗಿದ್ರೆ ದನಿ ಕುಗ್ಗೋದು.'
ಹೊಗೆಕೊಳವೆಯ ಸಂದಿಗೆ ಹಳೆ ಪೇಪರಿನ ಚೂರು ಹಿಡಿದ.
ಅಲುಗಲಿಲ್ಲ.
'ಇದೂ ಅಲ್ಲ.'
ಆಮೇಲೆ, ನನ್ನ ಮುಖ ನೋಡದೆ,
'ಎಣ್ಣೆ ಯಾವಾಗ ಬದ್ಲಾಯ್ಸಿದ್ದು?'

ದೀಪಾವಳಿಗೆ, ಅಂದೆ.
ಯಾವ ದೀಪಾವಳಿ ಎಂದು ಅವನು ಕೇಳಲಿಲ್ಲ.
ಕಡ್ಡಿ ಎಳೆದು, ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ
ಒಂದು ತೊಟ್ಟು ಉಜ್ಜಿದ, ಮೂಸಿದ.
ಆಲೆಮನೆ ಕೊಪ್ಪರಿಗೆಯ ಸೀದ ತಳ
ಅವನ ಬೆರಳಿಗೆ ಅಂಟಿತ್ತು.
ಪ್ಯಾಂಟಿಗೆ ಒರೆಸಿಕೊಂಡ.

ಎಂಜಿನ್ನು ಆರಿದ ಮೇಲೆ ಮೇಲಿನ ಮುಚ್ಚಳ ಬಿಚ್ಚಿದರು.
ಎಂಟು ಲಿಫ್ಟರು, ಎರಡು ಹಂಚಿಗೆ ಬರುವಷ್ಟು ಮಸಿ.
ಬಿದಿರಿನ ತುಂಡೊಂದರಿಂದ ಸರದಿಯಂತೆ ಒತ್ತಿದ,
ಕ್ಯಾಮಿನ ಉಬ್ಬು ಅತ್ತ ತಿರುಗಿದಾಗ.
ಗಟ್ಟಿ. ಗಟ್ಟಿ. ಇದೂ ಗಟ್ಟಿ.
ನಾಲ್ಕನೆಯದಕ್ಕೆ ಸ್ವಲ್ಪ ತಡೆದ, ಮುಂದೆ ಹೋದ.
ಐದನೆಯದು
ಮಾಗಿದ ಪರಂಗಿಗೆ ಬೆರಳಿಟ್ಟಂತೆ ಒಳಗಿಳಿಯಿತು.

ಹೆಬ್ಬೆರಳ ಗೆಣ್ಣಿನಷ್ಟು ಕಬ್ಬಿಣ.
ಸೀಮೆಎಣ್ಣೆಯಲ್ಲಿ ಅದ್ದಿ, ಪಿನ್ನಿನಿಂದ ಕೆದಕಿದರೆ
ಕಪ್ಪು ಅಂಟು ಎಳೆ ಎಳೆಯಾಗಿ ಬಂತು.
'ಒಳಗೊಂದು ಗುಂಡು, ಒಂದು ಸ್ಪ್ರಿಂಗು, ಅಷ್ಟೆಯಾ.
ಎಣ್ಣೆ ತುಂಬ್ಕಂಡು ಸಂದು ಮುಚ್ಚೋದೇ ಇದರ ಕೆಲ್ಸ.
ಸಂದು ಉಳುದ್ರೆ ಸದ್ದು.
ಸದ್ಯಕ್ಕೆ ತೊಳುದು ಹಾಕ್ತೀನಿ. ಮತ್ತೆ ಬಡುದ್ರೆ
ಓಪೆಲ್ಲಿಂದೂ ಕೂರ್ತದೆ, ಹುಡುಕುಸ್ತೀನಿ.'

ಹೊಸ ಎಣ್ಣೆ, ಹೊಸ ಫಿಲ್ಟರು. ಚಾವಿ ತಿರುಗಿಸಿದೆ.
ಟಕ ಟಕ ಟಕ.
'ಇರ್ಲಿ. ತುಂಬ್ಕಬೇಕಲ್ಲ, ಹತ್ತು ನಿಮಿಷ ಓಡ್ಲಿ.'
ಸುಹೇಲ ಟೀ ತರಲು ಹೋದ.
ಆ ಹತ್ತು ನಿಮಿಷ ಎಲ್ಲಿ ಕಳೆಯಲಿ.
ಮಂಚಯ್ಯನ ಎಡಗಡೆ ನಿಂತುಕೊಂಡು ಹೇಳಿದೆ:
ಮಿಷನ್ನುಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಒಯ್ದರು.
ಆಮೇಲೆ ಹೋಗಬೇಕಾದ ಊರು ಯಾವುದೂ ಇರಲಿಲ್ಲ.
ಕಾರು ಎಂಟು ತಿಂಗಳು ಚಾವಡಿಯಲ್ಲೇ ನಿಂತಿತ್ತು, ಬಟ್ಟೆ ಹೊದ್ದು.
ಎಣ್ಣೆ ಮೂರು ದೀಪಾವಳಿ ಹಿಂದಿನದು.
ಬೋರ್ಡು ಮಾತ್ರ ಕೊಡಲಿಲ್ಲ,
ಅದು ಈಗ ಬಚ್ಚಲ ಒಲೆ ಮುಂದೆ
ಬೂದಿ ಹಾರದಂತೆ ಅಡ್ಡ ಇದೆ.

ಹಲ್ಲಲ್ಲಿ ಸ್ಕ್ರೂಡ್ರೈವರು ಕಚ್ಚಿದ್ದವನು
ಸುಮ್ಮನಿರಿ ಎಂಬಂತೆ ಕೈ ಎತ್ತಿದ.
ಸದ್ದು ನಿಂತಿತ್ತು.
ಯಾವ ಮಾತಿಗೆ ನಿಂತಿತೋ,
ಸದ್ದು ಬಲ್ಲವಳಿಗೆ ತಿಳಿಯಲಿಲ್ಲ.

ಹಿಡಿಯ ಮೇಲಿನ ಎಂಜಲು ಒರೆಸುತ್ತಾ ಕೇಳಿದ,
'ಏನೋ ಅಂದ್ರಲ್ಲ?'
ದುಡ್ಡೆಷ್ಟಾಯಿತು ಅಂದೆ, ಮಂಚಯ್ಯ.